ಬೀರಿಗೆ ಹೆಸರಿಟ್ಟ ದಿನ

ನಮ್ಮೂರಿನಲ್ಲಿ ಸಿಟ್ಟು ಬಂದ ಹೆಂಗಸು ಬೀರಿನ ಬಾನಿಯ ಹತ್ತಿರ ಸುಳಿಯುವುದಿಲ್ಲ. ಗಂಡನ ಜೊತೆ ಜಗಳವಾದರೆ ಕೆರೆ ಏರಿಯ ಮೇಲೆ ಹೋಗಿ ಕೂತು, ತಣ್ಣಗಾದ ಮೇಲೆ ಬಂದು ಕೈ ತೊಳೆದುಕೊಂಡು ಬಾನಿ ತಿರುವುತ್ತಾಳೆ. ಗಂಡಸರದೂ ಅಷ್ಟೇ. ಸಂಜೆ ಹೊತ್ತು ಆ ಏರಿಯ ಮೇಲೆ ಗಂಡ ಹೆಂಡಿರು ಬೆನ್ನಿಗೆ ಬೆನ್ನು ಮಾಡಿಕೊಂಡು ಕೂತಿದ್ದರೆ ಯಾರೂ ಮಾತಾಡಿಸುವುದಿಲ್ಲ. ಬೀರು ಕೆಡದಿರಲಿ ಅಂತ ಕೂತಿದ್ದಾರೆ, ಕೂತಿರಲಿ, ಅಂದುಕೊಂಡು ದಾಟಿ ಹೋಗುತ್ತೇವೆ.

ಮೊಳಕೆ ಕಟ್ಟಿದ ರಾಗಿ, ಜವೆಗೋಧಿ, ಕಹಿಗೆ ಒಂದು ಹಿಡಿ ನೆಲಬೇವು. ಎಲ್ಲ ಬೀರುಮನೆಗಳದೂ ಇದೇ ಅಳತೆ, ಇದೇ ಕೆರೆಯ ನೀರು. ಆದರೂ ಒಂದು ಮನೆಯದರ ಹಾಗೆ ಇನ್ನೊಂದು ಮನೆಯದಿರುವುದಿಲ್ಲ. ಬಾನಿ ತಿರುವುವ ಕೈಯವರ ಮನಸ್ಸಿನಲ್ಲಿ ಏನಿರುತ್ತದೋ ಅದು ಹುದುಗಿನ ಜೊತೆ ಸೇರಿ ಹುದುಗುತ್ತದೆ, ಕುಡಿದವರ ಎದೆಗೆ ಹತ್ತುತ್ತದೆ. ಹತ್ತಿದ್ದು ಸ್ವಲ್ಪ ಹೊತ್ತು ಇದ್ದು ತಾನಾಗಿ ಇಳಿದುಹೋಗುತ್ತದೆ. ಕಾಸಿದವರಿಗೆ ಮಾತ್ರ ತಮ್ಮ ಬೀರಿನಲ್ಲಿ ಏನೂ ಹತ್ತುವುದಿಲ್ಲ, ಬರೀ ಕಹಿ. ಸೀರೆ ಒಡವೆ ಇಡುವ ಕಬ್ಬಿಣದ ಪೆಟ್ಟಿಗೆಗೂ ನಮ್ಮಲ್ಲಿ ಬೀರು ಅಂತಲೇ ಅನ್ನುವುದಲ್ಲ, ಅದಕ್ಕೇ ಹಿರಿಯರು ಒಂದು ಮಾತು ಕಟ್ಟಿದ್ದಾರೆ: ಆ ಬೀರಿಗೆ ಬೀಗ ಉಂಟು, ಈ ಬೀರಿಗೆ ಇಲ್ಲ.

ಜನ ತಮಗೆ ಬೇಕಾದ್ದನ್ನು ಬೇಕಾದ ಹೊತ್ತಿಗೆ ಕುಡಿಯುತ್ತಾರೆ. ಹೆಣ್ಣು ಕೇಳಲು ಹೋಗುವವನು ಧೈರ್ಯವಿರುವ ಮನೆಯಲ್ಲಿ ಅರ್ಧ ಲೋಟ ಕುಡಿದು ಹೊರಡುತ್ತಾನೆ. ಹಿಂದೆ ಒಬ್ಬ ಮೇಷ್ಟ್ರಿದ್ದರು, ಬಲು ಸಾಧು. ಪರೀಕ್ಷೆ ಹತ್ತಿರ ಬಂತೆಂದರೆ ಮೇಲಿನ ಬೀದಿಯ ಸಿಟ್ಟನ್ನು ಒಂದು ಗುಟುಕು ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರು. ನಗುವಿಗೇ ಒಗ್ಗಿಹೋಗಿದ್ದ ಒಬ್ಬ ಗಾಡಿಯವನಿಗೆ ತಾಯಿ ಸತ್ತ ದಿನ ಅಳುವೇ ಬರಲಿಲ್ಲ. ನೆಂಟರ ಎದುರು ಮಾನ ಹೋಗುತ್ತದೆಂದು ಕೆಳಗಿನ ಬೀದಿಗೆ ಓಡಿ ಒಂದು ಚೊಂಬು ದುಃಖ ಇಸಕೊಂಡು ಬಂದ. ಅವನನ್ನು ಯಾರೂ ಆಡಿಕೊಳ್ಳಲಿಲ್ಲ. ಮನೆಯಲ್ಲಿ ಇಲ್ಲದ್ದನ್ನು ನೆರೆಮನೆಯಲ್ಲಿ ಕೇಳಿ ತರುವುದು ಎಲ್ಲ ಊರಿನಲ್ಲೂ ಇದ್ದದ್ದೇ.

ಸುಗ್ಗಿ ಮುಗಿದು ಹೊಸ ಬೀರು ತಿಳಿಯಾದ ಮೇಲೆ ಒಂದು ದಿನ ಗೊತ್ತು ಮಾಡಿ ನಾವು ಮೂವರು ಮನೆಮನೆಗೆ ರುಚಿ ನೋಡಲು ಹೋಗುತ್ತೇವೆ. ಹೆಸರು ಹೇಳುವವನು ಹೊಂಬಾಳಯ್ಯ. ಆ ಹೆಸರನ್ನು ಸುಣ್ಣದಲ್ಲಿ ಬೆರಳದ್ದಿ ಬಾಗಿಲ ಮೇಲೆ ಬರೆಯುವವಳು ದ್ಯಾವಮ್ಮ. ನನ್ನದು ನೀರಿನ ಚೊಂಬು. ಒಂದು ಮನೆಯದು ಇನ್ನೊಂದು ಮನೆಗೆ ಬೆರೆಯದ ಹಾಗೆ ನಡುನಡುವೆ ಬಾಯಿ ಮುಕ್ಕಳಿಸಲು ನೀರು ಕೊಡುವುದು ನನ್ನ ಕೆಲಸ. ಮೂವರೂ ಕುಡಿಯುತ್ತೇವೆ. ಆದರೆ ಹೊಂಬಾಳಯ್ಯ ಅಂದದ್ದೇ ಹೆಸರು. ನಗು ಅಂದರೆ ನಗು, ಹಟ ಅಂದರೆ ಹಟ. ವರ್ಷವೆಲ್ಲಾ ಆ ಮನೆಯ ಬೀರನ್ನು ಊರು ಅದೇ ಹೆಸರಿನಿಂದ ಕೇಳಿ ಕುಡಿಯುತ್ತದೆ.

ಒಂದು ಹೆಸರನ್ನು ಮಾತ್ರ ಬಾಗಿಲ ಮೇಲೆ ಬರೆಯುವುದಿಲ್ಲ. ನಾಚಿಕೆ. ನಾಚಿಕೆ ಹತ್ತಿತು ಅಂದರೆ ಆ ಮನೆಯವರು ಮಾಡಬಾರದ್ದು ಏನೋ ಮಾಡಿದ್ದಾರೆ ಅಂತಲೇ ಲೆಕ್ಕ. ಬಾನಿಯನ್ನು ಬೋರಲು ಹಾಕಬೇಕು. ಗುರುಬಸವ ಅನ್ನುವವನು ಬೀರಿಗೆ ನೀರು ಸೇರಿಸಿದ್ದ. ಅವನ ಬಾನಿ ಬೋರಲಾಗಿ ಹಿತ್ತಲಲ್ಲಿ ಬಿದ್ದಿದೆ, ಕೋಳಿಗಳು ಅದರ ಮೇಲೆ ಹತ್ತಿ ಕೂಗುತ್ತವೆ. ಅವನು ಈಗ ಹಗ್ಗ ಹೊಸೆದು ಮಾರುತ್ತಾನೆ. ನಮ್ಮನ್ನು ಕಂಡರೆ ಇವತ್ತಿಗೂ ಗೋಡೆ ಕಡೆ ತಿರುಗಿಕೊಳ್ಳುತ್ತಾನೆ. ಒಂದು ಸಲ ಬೋರಲಾದ ಬಾನಿಯನ್ನು ಮತ್ತೆ ಎತ್ತಿ ನಿಲ್ಲಿಸಿದ್ದನ್ನು ನಾನಂತೂ ಕಂಡಿಲ್ಲ.

ಹೊಂಬಾಳಯ್ಯನೂ ನಾನೂ ಒಂದೇ ಓರಗೆಯವರು. ನನ್ನ ಹೆಸರು ಮರಿಯಣ್ಣ. ಹಲ್ಲುದುರಿ ಬೆನ್ನು ಬಾಗಿದರೂ ಅವನಿಗೆ ನಾನು ಮರಿಯೇ. ಅವನ ನಾಲಿಗೆಯಂಥ ನಾಲಿಗೆ ಈ ಊರಿನಲ್ಲಿ ಹುಟ್ಟಿರಲಿಲ್ಲ. ಒಂದು ಸಲ ಒಬ್ಬರ ಮನೆಯಲ್ಲಿ ಗುಟುಕು ನುಂಗಿ, ಎಲ್ಲರೂ ‘ಸಂತೋಷ’ ಅನ್ನುತ್ತಿದ್ದರೆ, ಇವನು ಮಾತ್ರ ತಲೆಯಾಡಿಸಿ, “ಸಂತೋಸ ಅಲ್ಲ ಕಣ್ರಪ್ಪ, ಇದು ಹೊರಟೋರ ಹಗುರ. ಈ ಮನೇಲಿ ಯಾರೋ ಗಂಟು ಕಟ್ಟವ್ರೆ” ಅಂದ. ಆ ವಾರವೇ ಆ ಮನೆಯ ಸೊಸೆ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅಂಥ ನಾಲಿಗೆ.

ಈ ಸಲದ ಸುತ್ತಾಟಕ್ಕೆ ಇನ್ನೊಂದು ಮಹತ್ವ ಇತ್ತು. ಹೊಂಬಾಳಯ್ಯನ ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಯ ಬಾನಿ ಸೊಸೆ ಚೆಲುವಿಯ ಕೈಗೆ ಬಂದಿತ್ತು. ಬೀರು ಅಂದರೆ ಬರೀ ಬೀರು ಅಂದುಕೊಂಡಿದ್ದ ಯಾವುದೋ ಊರಿನಿಂದ ಬಂದ ಹುಡುಗಿ. ಅತ್ತೆಯ ಹಿಂದೆ ನಿಂತು ನೋಡಿ ನೋಡಿ ಕಲಿತಿದ್ದಳು. ಗಂಡ ಜವೆಗೋಧಿ ತರಲು ಗಾಡಿ ಹೊಡೆದುಕೊಂಡು ಬಯಲು ಕಡೆಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಮಾವ ಸೊಸೆ ಇಬ್ಬರೇ. ಅವಳ ಕೈಯ ಬೀರಿಗೆ ಇದೇ ಮೊದಲ ಸಲ ಹೆಸರು ಬೀಳುವುದು. ಬೀದಿಯಲ್ಲಿ ಸಿಕ್ಕಾಗೆಲ್ಲ ಅವಳು, “ದೊಡ್ಡಪ್ಪ, ಏನ್ ಬತ್ತದೋ ನಂಗೆ ದಿಗಿಲು” ಅನ್ನುತ್ತಿದ್ದಳು. “ಯಾಕವ್ವ, ನಿನ್ ಕೈಲಿ ಏನ್ ಕೆಟ್ಟದ್ದು ಬತ್ತದೆ?” ಅಂತ ನಾನು ಅನ್ನುತ್ತಿದ್ದೆ.

ಮೊದಲು ಅಕ್ಕಸಾಲಿಗರ ಓಣಿಯ ಕಾಳಾಚಾರಿಯ ಮನೆಗೆ ಹೋದೆವು. ಅವನ ಹೆಂಡತಿ ಮಾಯಮ್ಮ ಲೋಟಗಳಿಗೆ ಬಗ್ಗಿಸಿ ಕೊಟ್ಟಳು. ಬಣ್ಣ ಹೊಸ ಬೆಲ್ಲದ್ದು, ಮೇಲೆ ಬೆರಳುದ್ದ ನೊರೆ. ಒಂದು ಗುಟುಕು ಇಳಿಯಿತೋ ಇಲ್ಲವೋ ದ್ಯಾವಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ನನಗೆ ಪಕ್ಕೆ ಹಿಡಿದುಕೊಂಡು ನಗು. ಬಾಗಿಲಲ್ಲಿ ನಿಂತಿದ್ದವರು ನಮ್ಮನ್ನು ನೋಡಿ ನಕ್ಕರು.

“ಏನ್ ಮಾಯಮ್ಮ ಇದು, ಸಾಯಿಸ್ತೀಯಾ?” ಅಂದಳು ದ್ಯಾವಮ್ಮ, ಕಣ್ಣೊರೆಸಿಕೊಂಡು.

“ಏನ್ ಮಾಡ್ಲಿ ಅಕ್ಕ, ಇವ್ರು ಹೊಸ ಹಲ್ಲು ಕಟ್ಟಿಸ್ಕೊಂಡವ್ರೆ. ನಾನು ಬಾನಿ ತಿರುವ್ತಾ ಇದ್ರೆ ಎದುರಿಗೆ ನಿಂತ್ಕೊಂಡು ‘ಎಂಗದೆ, ಎಂಗದೆ’ ಅಂತ ಕೇಳ್ತಾರೆ.”

ಕಾಳಾಚಾರಿ ಸಿಟ್ಟಿನಿಂದ ಬಾಯಿ ಮುಚ್ಚಿಕೊಂಡ. ಅದಕ್ಕೆ ಮತ್ತಷ್ಟು ನಗು. ಆ ನಗುವಿನ ನಡುವೆಯೇ ನನ್ನ ಕಣ್ಣು ಹೊಂಬಾಳಯ್ಯನ ಮೇಲೆ ಬಿತ್ತು. ಅವನು ನಗುತ್ತಿದ್ದ. ಆದರೆ ನಗುವ ಮೊದಲು ದ್ಯಾವಮ್ಮನ ಮುಖ ನೋಡಿದ್ದ, ಆಮೇಲೆ ನನ್ನ ಮುಖ ನೋಡಿದ್ದ, ಆಮೇಲೆ ನಕ್ಕಿದ್ದ. ಕಿವುಡರು ಸಭೆಯಲ್ಲಿ ಹೀಗೆ ನಗುವುದನ್ನು ಕಂಡಿದ್ದೇನೆ. “ನಗು” ಅಂತ ಹೆಸರು ಹೇಳಿದ. ದ್ಯಾವಮ್ಮ ಬರೆದಳು. ನನ್ನ ಎದೆಯಲ್ಲಿದ್ದ ನಗು ಇಳಿಯುವ ಮೊದಲೇ ಇಂಗಿಹೋಯಿತು.

ಇರಲಾರದು ಅಂದುಕೊಂಡೆ. ವಯಸ್ಸಾಗಿದೆ, ಹತ್ತುವುದು ನಿಧಾನವಾಗಿರಬೇಕು. ಹಾಗಂದುಕೊಂಡೇ ನಡುವಿನ ಮನೆಗಳನ್ನು ಮುಗಿಸಿ ಮುನಿವೆಂಕಟಿಯ ಬೀರುಮನೆಗೆ ಬಂದೆವು. ಅವನಿಗೆ ಒಬ್ಬಳೇ ಮಗಳು. ಬೆಟ್ಟದಾಚೆ ಕೊಟ್ಟ ಮೇಲೆ ಬಾನಿ ಅವನೇ ತಿರುವುತ್ತಾನೆ. ಲೋಟ ತುಟಿಗಿಟ್ಟೆ. ಕಹಿ ಕಹಿಯಾಗಿ ಇಳಿದದ್ದು ಎದೆಯಲ್ಲಿ ನಿಂತು, ಯಾರದೋ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟ ಹಾಗಾಯಿತು. ಬಾಗಿಲ ಕಡೆಗೆ ನೋಡಿದೆ. ದ್ಯಾವಮ್ಮನೂ ಬಾಗಿಲ ಕಡೆಗೇ ನೋಡುತ್ತಿದ್ದಳು.

ಹೊಂಬಾಳಯ್ಯನೂ ನೋಡಿದ. ನಾವು ನೋಡಿದ್ದಕ್ಕೆ ನೋಡಿದ. ಬಾಗಿಲಲ್ಲಿ ಏನಾದರೂ ಕಾಣುತ್ತದೋ ಅಂತ ಹುಡುಕುವವನ ಹಾಗೆ ಅವನ ಕಣ್ಣು ಹೊಸಿಲ ಮೇಲೆ, ಚಿಲಕದ ಮೇಲೆ ಓಡಾಡಿತು. ಹೆಸರು ಬರಲಿಲ್ಲ. ಮುನಿವೆಂಕಟಿ ಕೈಕಟ್ಟಿಕೊಂಡು ಕಾಯುತ್ತಿದ್ದ. ದ್ಯಾವಮ್ಮನ ಬೆರಳಿನಿಂದ ಸುಣ್ಣ ತೊಟ್ಟಿಕ್ಕಿತು.

“ಬರೋರು ಬರಲೇ ಇಲ್ಲವಲ್ಲಪ್ಪ” ಅಂತ ನಾನು ಮುನಿವೆಂಕಟಿಗೆ ಹೇಳಿದ ಹಾಗೆ ಮಾಡಿ ಅಂದೆ.

“ಹಂಬಲ” ಅಂದ ಹೊಂಬಾಳಯ್ಯ ತಕ್ಷಣ.

ಅಂದವನು ನನ್ನ ಕಡೆ ತಿರುಗಿದ. ನಾನು ಚೊಂಬಿನಲ್ಲಿ ಎಷ್ಟು ನೀರಿದೆ ಅಂತ ಬಗ್ಗಿ ನೋಡಿದೆ. ಆದರೆ ತಡವಾಗಿತ್ತು. ನನಗೆ ತಿಳಿಯಿತು ಅಂತ ಅವನಿಗೆ ತಿಳಿಯಿತು.

ಅಲ್ಲಿಂದ ಅವನ ಮನೆಗೆ ಒಂದು ಬೀದಿ ದಾರಿ. ಯಾವಾಗಲೂ ಆ ದಾರಿಯಲ್ಲಿ ಅವನು, “ನಡಿಯೋ ಮರಿ, ನೀನು ಕುಂಟ್ಕೊಂಡು ಬರೋ ಹೊತ್ಗೆ ಬೀರು ಹುಳಿ ಹೊಡೀತದೆ” ಅಂತ ರೇಗಿಸುತ್ತಿದ್ದ. ಅವತ್ತು ನನಗಿಂತ ಹಿಂದೆ ಬಂದ. ದ್ಯಾವಮ್ಮ ಮುಂದೆ ಹೋಗುತ್ತಾ ಯಾರದೋ ಮನೆಯ ಹಟದ ಸುದ್ದಿ ಹೇಳಿಕೊಂಡು ನಗುತ್ತಿದ್ದಳು. ಅವನು ಮಾಡಿದ್ದಕ್ಕೆ ನನ್ನ ಕಿವಿ ಸುಡುತ್ತಿದ್ದವು. ಹುಟ್ಟಿದಾಗಿನಿಂದ ಕಂಡ ಮನುಷ್ಯ, ಊರು ಅವನ ಮಾತನ್ನು ದೇವರ ಪ್ರಸಾದದ ಹಾಗೆ ಹಿಡಿಯುತ್ತದೆ, ಅವನು ಪಕ್ಕದವರ ಮುಖ ನೋಡಿ ನಕಲು ಹೊಡೆಯುವುದೆಂದರೆ! ತಪ್ಪು ಅವನದು, ತಲೆ ಎತ್ತಲಾರದವನು ನಾನು. ಕೇಳಿಬಿಡೋಣ ಅನ್ನಿಸಿತು. ಕೇಳಿದರೆ ಅವನ ಪಂಚೆ ನಾನೇ ಬಿಚ್ಚಿದ ಹಾಗಾಗುತ್ತದೆ. ಬಾಯಿ ಮುಚ್ಚಿಕೊಂಡು ನಡೆದೆ.

ಹೆಸರು ಹೇಳುವವನ ಸ್ವಂತ ಮನೆ ಕೊನೆಯದು, ಅಲ್ಲಿಗೆ ಅವನು ಅಪರಿಚಿತನ ಹಾಗೆ ಹೋಗಬೇಕು. ಇದು ಮೊದಲಿನಿಂದ ಬಂದ ಕಟ್ಟಳೆ. ಹೊಂಬಾಳಯ್ಯ ತನ್ನದೇ ಜಗುಲಿಯ ಕೆಳಗೆ ನಿಂತು ಕೂಗಿದ: “ಮನೇಲಿ ಯಾರವ್ವಾ ಇರೋದು?”

ಒಳಗಿನಿಂದ ಚೆಲುವಿ, “ಯಾವೂರೋರು?” ಅಂದಳು. ದನಿಯಲ್ಲಿ ನಗುವಿತ್ತು, ದಿಗಿಲೂ ಇತ್ತು.

“ಬಾಯಾರಿದೋರ ಊರು.”

“ಇಷ್ಟು ಹೊತ್ತಲ್ಲಿ ಬಂದ್ರೆ ಉಳಿದದ್ದೇ ಗತಿ. ಕಾಲು ತೊಳ್ಕೊಂಡು ಬನ್ನಿ.”

ಜನ ನಕ್ಕರು. ಓಣಿಯವರೆಲ್ಲ ಸೇರಿದ್ದರು. ಹೊಂಬಾಳಯ್ಯನ ಮನೆಯ ಹೆಸರು ಕೇಳಲು ಯಾವಾಗಲೂ ಹೆಚ್ಚು ಜನ. ಚೆಲುವಿ ಹೊಸ ಸೀರೆ ಉಟ್ಟಿದ್ದಳು. ಮಾವನಿಗೆ ಅವನ ಹಿತ್ತಾಳೆ ಲೋಟದಲ್ಲಿ, ನಮಗೆ ಗಾಜಿನದರಲ್ಲಿ ಬಗ್ಗಿಸಿದಳು. ಇಂಥ ತಿಳಿಯಾದ ಬೀರು ಆ ಮನೆಯಲ್ಲಿ ಅವಳ ಅತ್ತೆಯ ಕಾಲದಲ್ಲೂ ಆಗಿರಲಿಲ್ಲ. ತಳದವರೆಗೆ ಕಾಣುತ್ತಿತ್ತು. ನೆರೆದವರಿಗೂ ಪುಟ್ಟ ಪುಟ್ಟ ಲೋಟಗಳಲ್ಲಿ ಕೊಟ್ಟು, ಒಳಗೆ ಹೋಗಿ ಬಾಗಿಲ ಮರೆಗೆ ನಿಂತಳು. ಮೊದಲ ಬೀರಲ್ಲವೇ, ಎಲ್ಲರಿಗೂ ಕೊಡಬೇಕು ಅಂತ ಅವಳಿಗೆ ಆಸೆ.

ನಾನು ಕುಡಿದೆ. ಕಹಿ ಹಿತವಾಗಿತ್ತು, ಹಿಂದೆಯೇ ರಾಗಿಯ ಸಿಹಿ. ಒಳ್ಳೆಯ ಬೀರು ಅಂತ ಮನಸ್ಸು ಅನ್ನುತ್ತಿದ್ದಂತೆ ಅದು ಹತ್ತಿತು. ತುಂಬಿದ ಮನೆಯಲ್ಲಿ ನಮ್ಮವರೇ ಯಾರೋ ಏನೋ ಆಡಬಾರದ್ದು ಆಡಿ, ಅದು ಅವರಿಗೇ ಗೊತ್ತಿಲ್ಲದೆ ನಮಗೊಬ್ಬರಿಗೇ ಗೊತ್ತಾದಾಗ ಆಗುತ್ತದಲ್ಲ, ಹಾಗೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಕಣ್ಣು ತಾನಾಗಿ ನೆಲಕ್ಕೆ ಬಿತ್ತು. ಎತ್ತಬೇಕೆಂದರೆ ರೆಪ್ಪೆಯ ಮೇಲೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತೆ. ದ್ಯಾವಮ್ಮನ ಕಾಲ್ಬೆರಳು ಮುದುರಿಕೊಂಡದ್ದು ಕಂಡಿತು. ಗೋಡೆಗೆ ಒರಗಿದ್ದವರು, ಹೊಸಿಲ ಮೇಲಿದ್ದವರು, ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಕೆಲವರು ಕೈಗೆ ಕೆಲಸವಿಲ್ಲದೆ ಎರಡೂ ಅಂಗೈ ಜೋಡಿಸಿಕೊಂಡರು.

ಆಗ ನನಗೆ ಹೊಳೆಯಿತು. ಹೊಂಬಾಳಯ್ಯನಿಗೆ ನೋಡಲು ಈಗ ಒಂದು ಮುಖವೂ ಇಲ್ಲ. ಬರೀ ನೆತ್ತಿಗಳು. ಎತ್ತಬೇಕು, ಏನಾದರೂ ಒಂದು ಮಾತು ಆಡಬೇಕು ಅಂದುಕೊಂಡೆ. ಆಗಲಿಲ್ಲ.

ಅವನು ಸುತ್ತ ನೋಡಿರಬೇಕು. ಬಾಗಿದ ತಲೆಗಳು, ಜೋಡಿಸಿದ ಕೈಗಳು. ಗಂಟಲು ಸರಿ ಮಾಡಿಕೊಂಡು, ಗಟ್ಟಿಯಾಗಿ, ಸೊಸೆಗೆ ಕೇಳುವ ಹಾಗೆ ಹೆಮ್ಮೆಯಿಂದ ಹೇಳಿದ:

“ಭಕ್ತಿ.”

ಹೊರಗೆ ಯಾರೋ ಒಬ್ಬ ಮೂಗಿನಲ್ಲಿ ನಗು ತಡೆದ ಸದ್ದಾಯಿತು. ಆ ಸದ್ದಿಗೆ ನಾನು ನೆಲದೊಳಗೆ ಇಳಿದುಹೋಗಬೇಕಿತ್ತು.

“ಭಕ್ತಿಯಾ?” ಅಂದಳು ದ್ಯಾವಮ್ಮ, ತಲೆ ಎತ್ತದೆಯೇ. “ಯಾವ್ ದೇವ್ರ ಭಕ್ತಿ ಕಣಣ್ಣ ಇದು? ತಮಾಸೆ ಮಾಡ್ತಿದ್ದೀಯಾ?”

“ಯಾಕೆ? ಎಲ್ರೂ ಅಂಗೇ...” ಅಂತ ಅವನು ಅರ್ಧಕ್ಕೆ ನಿಲ್ಲಿಸಿದ.

“ನಾಚ್ಕೆ ಇದು. ನನ್ ಮಖದ ಮ್ಯಾಲೆ ಬಟ್ಟೆ ಹಾಕ್ಕೋಬೇಕು ಅನ್ನಂಗಾಗದೆ, ನಿಂಗೆ ಭಕ್ತಿಯಾ? ನಿನ್ ಮನೇದು ಅಂತ ಮುಚ್ಚಾಕ್ತೀಯಾ ಎಂಗೆ?” ಅವಳು ಸುಣ್ಣದ ಬಟ್ಟಲನ್ನು ನೆಲಕ್ಕಿಟ್ಟಳು. “ಗುರುಬಸವಂಗೆ ಒಂದು ನ್ಯಾಯ, ನಿನ್ ಸೊಸೆಗೆ ಒಂದು ನ್ಯಾಯ ಅಂದ್ರೆ ಈ ಸುಣ್ಣ ನಾ ಮುಟ್ಟಾಕಿಲ್ಲ. ಚೆಲುವಿ, ಬಾರವ್ವ ಈಚೆಗೆ. ಏನ್ ಮಾಡ್ದೆ?”

ಚೆಲುವಿ ಬಾಗಿಲ ಮರೆಯಿಂದ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

“ಏನೂ ಇಲ್ಲ ದ್ಯಾವಮ್ಮತ್ತೆ.”

“ಏನೂ ಇಲ್ದೆ ಇಷ್ಟೊಂದು ನಾಚ್ಕೆ ಎಲ್ಲಿಂದ ಬಂತು? ನೀರು ಬೆರೆಸ್ದ್ಯಾ?”

“ಇಲ್ಲ.”

“ಗಂಡ ಊರಲ್ಲಿಲ್ಲ...” ಅಂತ ಹೊರಗಿನಿಂದ ಒಂದು ಗಂಡು ದನಿ ತೇಲಿಬಂತು. ಅಷ್ಟೇ ಅಂದು ಬಿಟ್ಟಿತು. ಅಷ್ಟು ಸಾಕು. ಮಾತು ಓಣಿಯ ಉದ್ದಕ್ಕೂ ಹರಿದುಹೋದದ್ದು ನನ್ನ ಕಿವಿಗೆ ಕೇಳಿಸಿತು.

ಚೆಲುವಿ ಒಂದು ಸಲ ಮಾವನ ಕಡೆ ನೋಡಿದಳು. ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು. “ಬೋರಲು ಹಾಕ್ಬುಡಿ ಅತ್ತೆ” ಅಂದಳು. “ಯಾರೂ ಏನೂ ಕೇಳ್ಬ್ಯಾಡಿ. ನಾನೇ ಹಾಕ್ತೀನಿ.” ಸೆರಗು ಸೊಂಟಕ್ಕೆ ಸಿಕ್ಕಿಸಿ ಮೂಲೆಯ ಬಾನಿಯ ಬಾಯಿಗೆ ಕೈ ಹಾಕಿದಳು. ತುಂಬಿದ ಬಾನಿ, ಒಬ್ಬರ ಕೈಗೆ ಅಲ್ಲಾಡುವಂಥದ್ದಲ್ಲ. ಅವಳು ಹೆಗಲು ಕೊಟ್ಟು ನೂಕುತ್ತಿದ್ದಳು. ಒಳಗಿನ ಬೀರು ಕುಲುಕಿದ ಸದ್ದಷ್ಟೇ.

ಆ ಸದ್ದಿನಲ್ಲಿ ನನಗೆ ಅರ್ಥವಾಯಿತು, ನನ್ನ ಎದೆಯಲ್ಲಿದ್ದದ್ದು ಯಾವ ನಾಚಿಕೆ ಅಂತ. ಬೀದಿಯುದ್ದಕ್ಕೂ ನಾನು ಹೊತ್ತು ತಂದದ್ದೂ ಇದೇ. ಲೋಟದಲ್ಲಿ ಬಂದದ್ದು ಹೊಸದಾಗಿರಲಿಲ್ಲ, ಇದ್ದದ್ದರ ಮೇಲೆಯೇ ಬಿದ್ದಿತ್ತು. ಕೆಟ್ಟದ್ದು ಮಾಡಿದವರ ನಾಚಿಕೆ ಹೀಗಿರುವುದಿಲ್ಲ. ಇದು ನಮ್ಮವರಿಗಾಗಿ ನಾವು ಪಡುವ ನಾಚಿಕೆ. ಎರಡಕ್ಕೂ ಈ ಊರಿನಲ್ಲಿ ಒಂದೇ ಹೆಸರಿಟ್ಟು, ಒಂದೇ ಶಿಕ್ಷೆ ಇಟ್ಟು ಕೂತಿದ್ದೆವು.

ಹೇಳಬಹುದಿತ್ತು. “ಇವನಿಗೆ ನಾಲಿಗೆ ಸತ್ತಿದೆ, ಹುಡುಗಿ ಅದನ್ನು ಮುಚ್ಚಿಡುತ್ತಿದ್ದಾಳೆ” ಅಂತ ಒಂದೇ ಮಾತು. ಆದರೆ ಅದು ನಾನು ಹೇಳುವ ಮಾತಾಗಿರಲಿಲ್ಲ. ಅವನೇ ಹೇಳಬೇಕು, ಅವನಿಗೆ ಓದಲು ಏನಾದರೂ ಬೇಕು. ರೆಪ್ಪೆಯ ಮೇಲಿನ ಭಾರವನ್ನೆಲ್ಲ ತಳ್ಳಿಕೊಂಡು, ಕಷ್ಟಪಟ್ಟು ನಾನು ತಲೆ ಎತ್ತಿದೆ. ನನ್ನ ಮುಖದ ಮೇಲೆ ಏನಿತ್ತೋ ಅದನ್ನು ಒರೆಸಿಕೊಳ್ಳದೆ ಅವನ ಕಡೆ ಹಿಡಿದೆ.

ಹೊಂಬಾಳಯ್ಯ ನೋಡಿದ. ಬೆಳಗಿನಿಂದ ಕದ್ದು ಕದ್ದು ನೋಡಿದವನು ಈಗ ನೇರವಾಗಿ, ತುಂಬಾ ಹೊತ್ತು ನೋಡಿದ. ಆಮೇಲೆ ಬಾನಿ ನೂಕುತ್ತಿದ್ದ ಸೊಸೆಯ ಬೆನ್ನು ನೋಡಿದ.

“ಚೆಲುವಿ, ಬಾನಿ ಬುಡು.”

ಅವಳು ಬಿಡಲಿಲ್ಲ.

“ಬುಡವ್ವ. ದ್ಯಾವಮ್ಮ, ಎಲ್ರೂ ಕೇಳಿ. ನಂಗೆ ಹತ್ತಾಕಿಲ್ಲ. ಮಳೆಗಾಲದಲ್ಲಿ ಜ್ವರ ಬಂತಲ್ಲ, ಅವತ್ತಿಂದ. ಬೀರೂ ಇಲ್ಲ, ಅನ್ನವೂ ಇಲ್ಲ. ಮೆಣಸಿನಕಾಯಿ ಕಚ್ಚುದ್ರೆ ಉರಿ ಅದೆ, ಖಾರ ಇಲ್ಲ. ಬೆಳಿಗ್ಗೆಯಿಂದ ನಿಮ್ ಮಖ ನೋಡ್ಕೊಂಡು ಹೆಸರು ಹೇಳ್ಕೊಂಡು ಬಂದೆ. ಇಲ್ಲಿ ನೀವೆಲ್ಲ ತಲೆ ಬಗ್ಗಿಸಿದ್ರಿ, ಭಕ್ತಿ ಅಂದ್ಕೊಂಡೆ.”

“ಅಯ್ಯೋ ನಮ್ಮಪ್ಪನೇ” ಅಂದಳು ದ್ಯಾವಮ್ಮ. “ಮೊದ್ಲೇ ಒಂದ್ ಮಾತು ಅಂದಿದ್ರೆ ಏನಾಗ್ತಿತ್ತು?”

“ಏನಾಗ್ತಿತ್ತು? ‘ಮನೇಲಿ ಕುಂತ್ಕೊಳಣ್ಣ’ ಅಂತಿದ್ದೆ.”

ದ್ಯಾವಮ್ಮ ಸುಳ್ಳು ಹೇಳುವವಳಲ್ಲ. “ಅಂತಿದ್ದ್‌ನೋ ಏನೋ” ಅಂದಳು.

“ಈ ಹುಡುಗಿಗೆ ಗೊತ್ತಾಗ್ಬುಟ್ಟದೆ. ಎಂಗೋ ಗೊತ್ತಾಗ್ಬುಟ್ಟದೆ. ನನ್ ನೋಡಿ ನೋಡಿ ಇವ್ಳು ನಾಚ್ಕೊಂಡು ಬಾನಿ ತಿರುವವ್ಳೆ. ಕೈ ಅವಳ್ದು, ನಾಚ್ಕೆ ನಂದು. ಬೋರಲು ಹಾಕಲೇಬೇಕು ಅಂದ್ರೆ ಇದ್ನ ಹಾಕ್ತೀನಿ.” ತನ್ನ ಹಿತ್ತಾಳೆ ಲೋಟವನ್ನು ಎತ್ತಿ, ಉಳಿದ ಬೀರನ್ನು ಅಂಗಳಕ್ಕೆ ಚೆಲ್ಲಿ, ಜಗುಲಿಯ ಹಲಗೆಯ ಮೇಲೆ ಬೋರಲು ಮಡಗಿದ. “ಇನ್ನು ಹೆಸರು ಹೇಳಾಕೆ ಬೇರೇರ್ನ ನೋಡ್ಕಳಿ.”

ದ್ಯಾವಮ್ಮ ಲೋಟದ ಕಡೆ ನೋಡಿದಳು. ಬಾನಿಯ ಕಡೆ ನೋಡಿದಳು. “ಬೋರಲು ಹಾಕ್ಬೇಕು ಅಂತ ಅದೆ, ಹಾಕ್ದಂಗಾಯ್ತು” ಅಂತ ಸುಣ್ಣದ ಬಟ್ಟಲಿಗೆ ಮುಚ್ಚಳ ಮುಚ್ಚಿದಳು. ಆ ಬಾಗಿಲ ಮೇಲೆ ಏನೂ ಬರೆಯಲಿಲ್ಲ. ಹೊರಗೆ ಗಂಡನ ಮಾತೆತ್ತಿದ್ದ ದನಿಯವನು ಯಾರೋ, ಸದ್ದಿಲ್ಲದೆ ಹೊರಟುಹೋಗಿದ್ದ. ಅವನ ಹಿಂದೆ ಉಳಿದವರೂ ತಲೆ ತಗ್ಗಿಸಿಕೊಂಡೇ ಕರಗಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚೆಲುವಿ ಬಾನಿ ಬಿಟ್ಟು ಅಲ್ಲೇ ಕುಸಿದು ಕೂತಳು.

“ಬರೀ ನಿಮ್ದಲ್ಲ ಮಾವ. ನಂದೂ ಅದೆ ಅದ್ರಲ್ಲಿ.”

“ನಿಂದೇನವ್ವ?”

“ಒಂದಿನ ಮರೆತು ಸಾರಿಗೆ ಉಪ್ಪು ಹಾಕಿರ್ಲಿಲ್ಲ. ನೀವು ಬಲು ಚೆಂದಾಗದೆ ಅಂದ್ರಿ. ನಂಗೆ ಅನುಮಾನ ಬಂತು. ಮಾರನೇ ದಿನ ಬೇಕೂಂತಲೇ ಹಾಕ್ಲಿಲ್ಲ. ಅವತ್ತೂ ಚೆಂದಾಗದೆ ಅಂದ್ರಿ, ಇನ್ನೊಂದು ಸೌಟು ಬುಡು ಅಂದ್ರಿ. ಬಾಯಿಬುಟ್ಟು ಕೇಳಾಕೆ ಧೈರ್ಯ ಬರ್ಲಿಲ್ಲ. ದಿನಾ ಹಂಗೇ ಮಾಡ್ದೆ. ಇವತ್ತು ಬೈತಾರೆ, ಇವತ್ತು ತಟ್ಟೆ ತಳ್ತಾರೆ ಅಂತ ಕಾಯ್ತಾ ಇದ್ದೆ. ನೀವು ದಿನಾ ಚೆಂದಾಗದೆ ಅಂತಿದ್ರಿ. ಮಾವನ್ನ ಪರೀಕ್ಷೆ ಮಾಡಾಕೆ ನಾನ್ಯಾವಳು? ಮಾಡಿ, ಆಮೇಲೆ ನಿಲ್ಸಾಕೂ ಆಗ್ಲಿಲ್ಲ. ಒಂದಿನ ಇದ್ದಕ್ಕಿದ್ದಂಗೆ ಉಪ್ಪು ಹಾಕುದ್ರೆ, ಇಷ್ಟು ದಿನ ಹಾಕಿರ್ಲಿಲ್ಲ ಅಂತ ನಂಗ್ ನಾನೇ ಒಪ್ಕೊಂಡಂಗಾಗ್ತಿತ್ತು.”

ಹೊಂಬಾಳಯ್ಯ ತಲೆ ಎತ್ತಿ ಅವಳನ್ನು ನೋಡಿದ.

“ಉಪ್ಪೇ ಇರ್ಲಿಲ್ವಾ?” ಅಂದ.

“ಇರ್ಲಿಲ್ಲ.”

“ನೀನೇನು ಉಣ್ತಿದ್ದೆ?”

“ಅದನ್ನೇ.”

“ನಿನ್ ತಟ್ಟೆಗೆ ಒಂದ್ ಚಿಟಿಕೆ ಹಾಕ್ಕೋಬಾರ್ದಿತ್ತಾ?”

“ಎಂಗ್ ಹಾಕ್ಕೊಳ್ಳಲಿ ಮಾವ? ನೀವು ಎದುರಿಗೆ ಕುಂತಿರ್ತಿದ್ರಿ.”

ಅವನು ಹೆಗಲ ಮೇಲಿನ ಟವೆಲನ್ನು ತೆಗೆದು ಮುಖಕ್ಕೆ ಒತ್ತಿಕೊಂಡ. ನಾನೂ ದ್ಯಾವಮ್ಮನೂ ಎದ್ದು ಹೋಗೋಣವೆಂದರೆ ಕಾಲು ಬರಲಿಲ್ಲ. ನೋಡುತ್ತಾ ಕೂರುವುದೂ ತಪ್ಪು ಅನ್ನಿಸಿತು. ನಾನು ಚೊಂಬಿನ ನೀರನ್ನು ಗಿಡದ ಬುಡಕ್ಕೆ ಹೊಯ್ದೆ. ದ್ಯಾವಮ್ಮ ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸಿದಳು, ಮತ್ತೆ ಬಿಡಿಸಿದಳು.

ಟವೆಲಿನ ಒಳಗಿನಿಂದಲೇ ಅವನು, “ಹೊತ್ತು ನೆತ್ತಿಗೆ ಬಂದದೆ. ಇವರಿಗೂ ಎಲೆ ಹಾಕವ್ವ” ಅಂದ.

“ನಂಗೇನೂ ಬ್ಯಾಡ” ಅಂದಳು ದ್ಯಾವಮ್ಮ. ಆಮೇಲೆ ಅವಳೇ ಮೊದಲು ಕೂತಳು.

ಹುರುಳಿಕಾಳಿನ ಸಾರು, ಬಿಸಿ ಮುದ್ದೆ. ಚೆಲುವಿ ಬಡಿಸಿ ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತಳು. ಅವಳ ಸೀರೆಯ ಅಂಚು ಮಾತ್ರ ನಮಗೆ ಕಾಣುತ್ತಿತ್ತು. ಹೊಂಬಾಳಯ್ಯ ಒಂದು ತುತ್ತು ನುಂಗಿ, ಕದಿಯದೆ, ಮುಚ್ಚುಮರೆಯಿಲ್ಲದೆ ನನ್ನ ಮುಖಕ್ಕೆ ಮುಖ ಕೊಟ್ಟು ಕೇಳಿದ:

“ಎಂಗದೆ ಮರಿ?”

ನಾನು ಉಂಡು ನೋಡಿದೆ. ಯಾವ ಗಾಬರಿಯಲ್ಲೋ ಹುಡುಗಿ ಎರಡು ಸಲ ಉಪ್ಪು ಹಾಕಿದ್ದಳು.

“ಒಸಿ ಮುಂದಾಗದೆ” ಅಂದೆ.

ಅವನು ಅಡುಗೆಮನೆಯ ಕಡೆ ತಿರುಗಿ, ಗದರುವವನ ಹಾಗೆ ದನಿ ಏರಿಸಿದ. “ಏನವ್ವ ಚೆಲುವಿ, ಉಪ್ಪು ಮುಂದಾಗದಲ್ಲ, ಮನುಷ್ಯರು ಉಣ್ಣೋದ್ ಬ್ಯಾಡ್ವಾ?” ಅಂದು ತಟ್ಟೆಯನ್ನು ಒಂದು ಗೇಣು ಆಚೆ ತಳ್ಳಿದ.

ಸೀರೆಯ ಅಂಚು ಅಲ್ಲಾಡಲಿಲ್ಲ. ಆಮೇಲೆ, “ಆಯ್ತು ಮಾವ, ನಾಳೆ ಕಮ್ಮಿ ಹಾಕ್ತೀನಿ” ಅಂತ ಮೂಗು ಕಟ್ಟಿದ ದನಿ ಬಂತು.

“ನಿನ್ ತಟ್ಟೆ ತಗೊಂಡು ಬಾ ಇಲ್ಲಿಗೆ” ಅಂದು ಅವನು ತಳ್ಳಿದ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ.

ಅವಳು ಬಂದು ಎದುರಿಗೆ ಕೂತಳು. ನಮಗಿಬ್ಬರಿಗೂ ಕುಡಿದ ಬೀರು ಇನ್ನೂ ಇಳಿದಿರಲಿಲ್ಲ. ತಲೆ ತಗ್ಗಿಸಿಕೊಂಡೇ ಉಂಡೆವು. ಏನೂ ಹತ್ತದ ಹೊಂಬಾಳಯ್ಯನೂ ತಗ್ಗಿಸಿಕೊಂಡೇ ಉಂಡ.